ಯಾವ ಪಂಜಕ್ಕೆ

ಬೋಗಾದಿ, ನಮ್ಮ ಅಂಗಡಿಯಿಂದ
ಗುರುವಾರ, 13 ನವೆಂಬರ್ 2025

ಪ್ರೀತಿಯ ಕಿರಣ್ ಅವರಿಗೆ,
ಐಶ್ವರ್ಯಳ ನಮಸ್ಕಾರ.

‘ಅವರಿಗೆ’ ಎಂದು ಓದಿ ನಗುತ್ತೀರಿ, ಗೊತ್ತು. ಎಂಟು ವರ್ಷ ‘ರೀ’ ಎಂದು ಕೂಗಿದವಳು ಇವತ್ತು ಇಷ್ಟು ಮರ್ಯಾದೆ ಕೊಡುತ್ತಿದ್ದಾಳೆ ಎಂದರೆ ಏನೋ ತಪ್ಪು ಮಾಡಿದ್ದಾಳೆ ಎಂದು ಬೇಕಾದರೆ ಅಂದುಕೊಳ್ಳಿ. ಅಂಗಡಿಯಲ್ಲೇ ಕೂತಿದ್ದೇನೆ. ಮಧ್ಯಾಹ್ನ ಮೂರು ಗಂಟೆ, ಪಿ.ಜಿ. ಹುಡುಗಿಯರು ಇನ್ನೂ ಕಾಲೇಜಿನಿಂದ ಬಂದಿಲ್ಲ. ದೊಡ್ಡ ಜೆರಾಕ್ಸ್ ಮೆಷಿನ್ ಎರಡು ದಿನದಿಂದ ಹಾಳೆ ಕಚ್ಚುತ್ತಿದೆ. ಹಾಗೆ ಹಾಳಾದ ಹಾಳೆಗಳ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ, ಆದ್ದರಿಂದ ಹಿಂದೆ ಯಾರದೋ ಸೇತುವೆಯ ಚಿತ್ರ ಕಂಡರೆ ಗಾಬರಿಯಾಗಬೇಡಿ.

ನಿಮ್ಮ ಕಾಗದ ಸೋಮವಾರ ಬಂತು. ಮೂರು ತಿಂಗಳು ಫೋನ್ ಇಲ್ಲ, ಕಾಗದ ಮಾತ್ರ ಎಂದು ಕೇಂದ್ರದವರು ಹೇಳಿದ ದಿನ, ಕುಡಿತ ಬಿಡಿಸುವುದಕ್ಕೂ ಫೋನಿಗೂ ಏನು ಸಂಬಂಧ ಎಂದು ಅವರೊಂದಿಗೆ ಜಗಳ ಆಡಿದವಳು ನಾನೇ. ಈಗ ಒಳ್ಳೆಯದೇ ಆಯಿತು ಅನ್ನಿಸುತ್ತಿದೆ. ಈ ಕಾಗದದಲ್ಲಿ ಬರೆಯಬೇಕಾದ್ದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ನಾಲ್ಕು ಪುಟದ ಕಾಗದದಲ್ಲಿ ಮೂರೂವರೆ ಪುಟ ಬರೀ ಆಟ. ಅಲ್ಲಿಯೂ ಆಟ ಹೂಡಿದ್ದೀರಲ್ಲ, ನಿಮಗೆ ಏನನ್ನಬೇಕು. ಡೈಸ್ ಇಲ್ಲವೆಂದು ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಸ್ಟೀಲ್ ಲೋಟದಲ್ಲಿ ಕುಲುಕುತ್ತೀರಂತೆ. ಲಾರಿ ಓಡಿಸುವ ವಿಜಯ್‌ಕುಮಾರ್ ಕತ್ತಿ ಹಿಡಿದ ವೀರ, ರಿಟೈರಾದ ಮೇಷ್ಟ್ರು ಮಹದೇವಯ್ಯನವರು ಮಂತ್ರ ಹಾಕುವ ಮುದುಕ, ನಿಮ್ಮೆಲ್ಲರಂತೆ ಕುಡಿತ ಬಿಡಲು ಬಂದ ಹುಡುಗ ಸಿದ್ದು ಕರಡಿ. ಸಿದ್ದುಗೆ ಆಯುಧ ಕೊಡುತ್ತೇನೆಂದರೂ ಬೇಡ ಅಂದನಂತೆ. ‘ಕತ್ತಿ ಯಾರ್ ಬೇಕಾದ್ರೂ ಕಿತ್ಕೋಬೋದು ಕಣಣ್ಣ, ಉಗುರು ಯಾರ್ ಕಿತ್ಕೊಂಡಾರು’ ಎಂದು ಅವನು ಹೇಳಿದ್ದನ್ನು ನೀವು ಬರೆದ ಕಡೆ ಓದು ನಿಲ್ಲಿಸಿ ಕಾಗದ ಮಡಿಸಿಟ್ಟೆ.

ಅತ್ತೆಗೆ ಕಾಗದ ಓದಿ ಹೇಳುವಾಗ ಇದೆಲ್ಲ ಬಿಡಿಸಿ ಹೇಳಬೇಕಾಯಿತು. ಕಥೆ ನಿಮ್ಮ ಮಗ ಹೇಳುತ್ತಾರೆ, ಕಥೆಯೊಳಗಿನ ಒಬ್ಬೊಬ್ಬ ಮನುಷ್ಯನನ್ನೋ ಪ್ರಾಣಿಯನ್ನೋ ಒಬ್ಬೊಬ್ಬರು ಆಡುತ್ತಾರೆ, ಹೊಡೆತ ಬಿತ್ತೋ ಇಲ್ಲವೋ ಡೈಸ್ ಹೇಳುತ್ತೆ ಎಂದೆ. ಮಹದೇವಯ್ಯನವರು ಕರಡಿಯ ಪಂಜಕ್ಕೆ ಬಲ ಬರಲಿ ಎಂದು ಮಂತ್ರ ಹಾಕಿದ್ದಾರೆ, ಅದು ಒಂದೇ ಪಂಜಕ್ಕೆ ಎಂದು ವಿಜಯ್‌ಕುಮಾರ್, ಎರಡಕ್ಕೂ ಎಂದು ಸಿದ್ದು, ಅಲ್ಲಿ ದೊಡ್ಡ ಜಗಳ ಎಂದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತದೆ, ‘ಕರಡಿಗೆ ಮಂತ್ರ ಹಾಕುದ್ರೆ ಇಡೀ ಕರಡಿಗೇ ಕಣಮ್ಮ. ಒಂದು ಕಾಲ್ಗೆ ಮಾತ್ರ ಅಂತ ಎಲ್ಲಾದ್ರೂ ಇರ್ತದಾ’ ಅಂದರು. ನಿಮ್ಮ ಸಿದ್ದುಗೆ ಇಲ್ಲೊಂದು ವೋಟು ಬಿತ್ತು ಎಂದು ಹೇಳಿ.

ಆದರೆ ವೋಟಿನಿಂದ ನಿಯಮ ಬದಲಾಗುವುದಿಲ್ಲವಲ್ಲ. ಪುಸ್ತಕ ತೆಗೆದೆ. ನೀವೇ ಜೆರಾಕ್ಸ್ ಮಾಡಿ, ನೀವೇ ಸ್ಪೈರಲ್ ಹಾಕಿ, ಅಂಚಿನಲ್ಲೆಲ್ಲ ಹಸಿರು ಇಂಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡ ಅದೇ ಪುಸ್ತಕ. ಪ್ರಿಂಟಾದದ್ದಕ್ಕಿಂತ ನಿಮ್ಮ ಹಸಿರೇ ಜಾಸ್ತಿ ಇದೆ. ನೀವು ಕೇಳಿದ ಮೂರೂ ಪ್ರಶ್ನೆಗೆ ಉತ್ತರ ಇಲ್ಲಿದೆ, ಅಲ್ಲಿ ಎಲ್ಲರ ಮುಂದೆ ಓದಿ.

ಚಿಕ್ಕ ಮಂತ್ರ ಒಂದೇ ಅಂಗಕ್ಕೆ. ಬಲ ಪಂಜ, ಎಡ ಪಂಜ, ಬಾಯಿ, ಈ ಮೂರರಲ್ಲಿ ಯಾವುದಕ್ಕೆ ಎಂದು ಮಂತ್ರ ಹಾಕುವ ಹೊತ್ತಿಗೇ ಹೇಳಿಬಿಡಬೇಕು. ಆ ಒಂದಕ್ಕೆ ಗುರಿಯಲ್ಲೂ ಪ್ಲಸ್ ಒನ್, ಏಟಿನಲ್ಲೂ ಪ್ಲಸ್ ಒನ್. ಉಳಿದೆರಡು ಮೊದಲು ಹೇಗಿದ್ದವೋ ಹಾಗೇ. ಆದ್ದರಿಂದ ವಿಜಯ್‌ಕುಮಾರ್ ಗೆದ್ದರು, ಸಿದ್ದು ಸೋತ. ದೊಡ್ಡ ಮಂತ್ರವಾದರೆ ಎರಡು ದಾರಿ ಇದೆ. ಒಂದೇ ಅಂಗಕ್ಕೆ ಪೂರ್ತಿ ಬಲ ಕೊಡಬಹುದು, ಇಲ್ಲವೇ ಎಲ್ಲ ಅಂಗಕ್ಕೂ ಒಂದೊಂದೇ ಪಾಯಿಂಟ್ ಹಂಚಬಹುದು. ಅಂಚಿನಲ್ಲಿ ನೀವೇ ಬರೆದಿದ್ದೀರಿ: ‘ಇರುವುದು ಒಂದು ಕೊಡ ನೀರು. ಒಂದು ಗಿಡಕ್ಕೆ ಸುರಿ, ಇಲ್ಲ ತೋಟಕ್ಕೆಲ್ಲ ಚಿಮುಕಿಸು.’

ಕತ್ತಿಗೆ ಹಾಕುವ ಮಂತ್ರ ಉಗುರಿಗೆ ಹತ್ತುವುದಿಲ್ಲ. ಅದು ಮಾಡಿದ ಆಯುಧಕ್ಕೆ, ಇದು ಹುಟ್ಟಿನಿಂದ ಬಂದದ್ದು. ಇದರಲ್ಲಿ ಅನುಮಾನವೇ ಇಲ್ಲ.

ಮೂರನೆಯದು, ಒಂದೇ ಪಂಜಕ್ಕೆ ಇಬ್ಬರು ಮಂತ್ರ ಹಾಕಿದರೆ ಎರಡೂ ಕೂಡುತ್ತವೆಯೇ ಎಂದು ಕೇಳಿದ್ದೀರಿ. ಕೂಡುವುದಿಲ್ಲ. ಒಂದೇ ಜಾತಿಯ ಬಲ ಒಂದರ ಮೇಲೊಂದು ಕೂರುವುದಿಲ್ಲ, ಎರಡರಲ್ಲಿ ಯಾವುದು ದೊಡ್ಡದೋ ಅದೊಂದೇ ಲೆಕ್ಕಕ್ಕೆ. ಹತ್ತು ಜನ ಸೇರಿ ಹಾಕಿದರೂ ಅಷ್ಟೇ.

ಇಷ್ಟು ಬರೆದು ಎದ್ದು ಹೋಗಿ ಒಬ್ಬಳಿಗೆ ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಕೊಟ್ಟು ಬಂದೆ. ಮತ್ತೆ ಕೂತರೆ ಅದೇ ಪುಟದ ಕೆಳಗೆ ನಿಮ್ಮ ಇನ್ನೊಂದು ಹಸಿರು ಸಾಲು ಕಂಡಿತು. ನೀವು ಈ ಪ್ರಶ್ನೆ ಕೇಳಿರಲಿಲ್ಲ. ‘ಮುಟ್ಟಿ ಹಾಕಬೇಕು. ಪ್ರಾಣಿಗೆ ಬೇಡವಾದರೆ ತಡೆಯಬಹುದು. ಅವಧಿ ಮುಗಿದ ಮೇಲೆ ಉಗುರು ಬರೀ ಉಗುರು.’

ರೀ, ಇಲ್ಲಿಂದ ಮುಂದಿನದನ್ನು ಎಲ್ಲರ ಮುಂದೆ ಓದಬೇಡಿ.

ಕಾಗದದ ಕೊನೆಯ ಅರ್ಧ ಪುಟದಲ್ಲಿ ನನ್ನ ಬಗ್ಗೆ ಒಂದು ಪ್ರಶ್ನೆ ಇತ್ತು. ಭೇಟಿಗೆ ಬಿಟ್ಟ ಎರಡು ಶನಿವಾರವೂ ಅತ್ತೆ ಒಬ್ಬರೇ ಬಂದರು, ನೀನು ಯಾಕೆ ಬರಲಿಲ್ಲ, ಇನ್ನೂ ಕೋಪವಾ ಎಂದು ಕೇಳಿದ್ದೀರಿ. ಕೋಪ ಇಲ್ಲ. ಎರಡು ಸಲವೂ ಸೀರೆ ಉಟ್ಟು ಬಸ್‌ಸ್ಟಾಪಿನವರೆಗೆ ಬಂದು, ತಲೆನೋವು ಎಂದು ಅತ್ತೆಯನ್ನು ಮಾತ್ರ ಹತ್ತಿಸಿ ವಾಪಸ್ ಬಂದೆ. ನಿಮ್ಮ ಮುಖ ನೋಡಿದರೆ ಹೇಳಿಬಿಡುತ್ತೇನೆ ಎಂಬ ಭಯ ಒಂದು ಕಡೆ, ನೋಡಿಯೂ ಹೇಳದೆ ಇದ್ದುಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ಎರಡು ತಿಂಗಳಿಂದ ಇದ್ದೇನೆ, ಉಗುಳಲೂ ಆಗದು, ನುಂಗಲೂ ಆಗದು.

ಗೌರಿ ಹಬ್ಬ ಕಳೆದ ಆ ಭಾನುವಾರ ನಿಮಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ಅಂಗಡಿಯ ಹಿಂದಿನ ರೂಮಿನಲ್ಲಿ ನೀವು, ನಾನು, ಆಟಕ್ಕೆ ಬಂದಿದ್ದ ರವಿಚಂದ್ರ, ಲಾಸ್ಯ. ಆಟದಲ್ಲಿ ನಾನು ಸಾಕಿದ ಕರಡಿ ಕೆಂಚ ಗುಹೆಯ ಬಾಯಲ್ಲಿ ರಾಕ್ಷಸನ ಎದುರು ನಿಂತಿದ್ದ. ಮಧ್ಯೆ ನೀವು ಸ್ವಲ್ಪ ಗಾಳಿಗೆ ಹೋಗಿ ಬರುತ್ತೇನೆಂದು ಹಿತ್ತಲಿಗೆ ಹೋದಿರಿ. ಯಾವ ಗಾಳಿ ಎಂದು ನಮಗೆಲ್ಲ ಗೊತ್ತು, ತೊಂಬತ್ತರ ಒಂದು ವಿಸ್ಕಿ ಪ್ಯಾಕೆಟ್. ಬಂದು ಕೂತಿರಿ. ಕೆಂಚನಿಗೆ ಮಂತ್ರ ಹಾಕುತ್ತೇನೆ ಎಂದೆ. ‘ಯಾವ ಪಂಜಕ್ಕೆ’ ಎಂದು ಕೇಳಿದಿರಿ. ನಾನು ಬಾಯಿ ತೆರೆಯುವುದರೊಳಗೆ ನಿಮ್ಮ ಕತ್ತು, ಕಿವಿ, ಕಣ್ಣು ಎಲ್ಲ ಕುಂಕುಮದ ಹಾಗೆ ಕೆಂಪಾದವು. ಎದೆ ಹಿಡಿದುಕೊಂಡು ಡೈಸ್‌ಗಳ ಮೇಲೇ ಬಿದ್ದಿರಿ. ರವಿಚಂದ್ರ ಕಾರಿನಲ್ಲಿ ಹಾಕಿಕೊಂಡು ಹೊರಟಾಗ ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ವಾಂತಿ ನಿಲ್ಲಲಿಲ್ಲ. ಉಸಿರು ಯಾವ ಘಳಿಗೆಯಲ್ಲಿ ನಿಲ್ಲುತ್ತದೋ ಎಂದು ಎಣಿಸುತ್ತಾ ಹೋದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಮಾತು, ಇವರು ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರಾ ಎಂದು. ಇಲ್ಲ ಎಂದೆ. ನನ್ನ ಪಕ್ಕದಲ್ಲಿ ನಿಂತಿದ್ದ ಅತ್ತೆಯೂ ಅದೇ ಉಸಿರಿಗೆ ‘ಇಲ್ಲ ಕಣಪ್ಪ, ಏನೂ ಇಲ್ಲ’ ಅಂದರು. ಆಮೇಲೆ ಮೂರು ದಿನ ಐಸಿಯು. ಎದೆಗೆ ಎಷ್ಟು ಪರೀಕ್ಷೆ ಮಾಡಿದರೂ ಏನೂ ಸಿಗಲಿಲ್ಲ. ಕೊನೆಗೆ ನಿಮ್ಮ ಮೈಗೆ ಕುಡಿತ ಆಗುತ್ತಿಲ್ಲ, ಇನ್ನೊಂದು ಸಲ ಮುಟ್ಟಿದರೆ ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದರು. ನೀವೂ ಅದನ್ನೇ ನಂಬಿ, ನೀವೇ ಬಾಯಿಬಿಟ್ಟು ಕೇಂದ್ರಕ್ಕೆ ಸೇರಿಸಿ ಎಂದಿರಿ. ಎಂಟು ವರ್ಷದಲ್ಲಿ ನನ್ನ ಅಳು, ಬೈಗುಳ, ತವರಿಗೆ ಹೋಗುತ್ತೇನೆಂಬ ಬೆದರಿಕೆ ಯಾವುದೂ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು.

ಮಾತ್ರೆ ಇತ್ತು. ನಾನೇ ಹಾಕುತ್ತಿದ್ದೆ.

ಒಬ್ಬ ಮೆಡಿಕಲ್ ಶಾಪಿನವನು ಚೀಟಿ ಇಲ್ಲದೆ ಕೊಟ್ಟ. ಇದು ಮೈಯಲ್ಲಿರುವಾಗ ಕುಡಿದರೆ ಮೈ ಕೆಂಪಾಗಿ ವಾಂತಿಯಾಗುತ್ತೆ, ಎರಡು ಸಲ ಹಾಗಾದರೆ ಹೆದರಿ ತಾವಾಗೇ ಬಿಡುತ್ತಾರೆ ಎಂದ. ನಿಲ್ಲಿಸಿದ ಮೇಲೂ ಎರಡು ವಾರ ಮೈಯಲ್ಲಿರುತ್ತೆ ಎಂದ. ಆಗಸ್ಟಿನಲ್ಲಿ, ಹಬ್ಬ ಕಳೆಯಲಿ ಎಂದು ನೀವು ಕುಡಿಯದೆ ಇದ್ದ ಹತ್ತು ದಿನ, ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ನಾನು ಫ್ಲಾಸ್ಕಿನಿಂದ ಬಗ್ಗಿಸಿ ಕೊಡುತ್ತಿದ್ದ ಕಾಫಿಯಲ್ಲಿ ಅದು ಇತ್ತು. ಇವತ್ತು ಕಾಫಿ ಸ್ವಲ್ಪ ಒಗರು ಎಂದು ಒಂದು ದಿನ ನೀವು ಹೇಳಿದಿರಿ. ಹಾಲು ಹಾಗಿದೆ ಎಂದೆ.

ನಿಮ್ಮನ್ನು ಮನೆಗೆ ಕರೆತಂದ ಮಾರನೆಯ ದಿನ ದೇವರ ಗೂಡು ಒರೆಸುವಾಗ ವಿಭೂತಿ ಗಟ್ಟಿಗಳ ಹಿಂದೆ ಒಂದು ಪೊಟ್ಟಣ ಸಿಕ್ಕಿತು. ಬಿಳಿ ಪುಡಿ. ಅದರೊಳಗೆ ಸರಿಯಾಗಿ ಅರೆಯದ ಒಂದು ತುಂಡು ಇತ್ತು, ಅದರ ಮೇಲೆ ನನ್ನ ಮಾತ್ರೆಯ ಮೇಲಿದ್ದ ಅದೇ ಅಡ್ಡಗೆರೆ, ಅದೇ ಎರಡು ಅಕ್ಷರ. ಹಿಂದೆ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿ, ಆಮೇಲೆ ನನ್ನ ಮುಖ ನೋಡಿ, ಬಹಳ ಮೆಲ್ಲಗೆ ‘ನೀನೂನಾ’ ಎಂದು ಕೇಳಿದರು. ನಾನು ತಲೆ ಆಡಿಸಿದೆ. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು. ಯಾರೋ ನಾಟಿ ಔಷಧಿಯವನು ಬೇರಿನ ಪುಡಿ ಎಂದು ಹೇಳಿ ಕೊಟ್ಟಿದ್ದನಂತೆ. ರಾತ್ರಿ ಊಟದ ಮಜ್ಜಿಗೆಗೆ ಹಾಕುತ್ತಿದ್ದರಂತೆ. ‘ಬೇರು ಅಂದ್ಬುಟ್ಟ ಕಣಮ್ಮ, ಬೇರು ಅಂದ್ರೆ ಏನ್ ಮಾಡ್ತದೆ ಅಂತ ಹಾಕ್ಬುಟ್ಟೆ’ ಎಂದು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬೆಳಿಗ್ಗೆ ಹೆಂಡತಿ, ರಾತ್ರಿ ತಾಯಿ. ಒಬ್ಬರದು ಒಬ್ಬರಿಗೆ ಗೊತ್ತಿಲ್ಲ.

ಪುಸ್ತಕದಲ್ಲಿ ಒಂದೇ ಜಾತಿಯ ಬಲ ಒಂದರ ಮೇಲೊಂದು ಕೂರುವುದಿಲ್ಲ. ನಿಮ್ಮ ಮೈಯಲ್ಲಿ ಕೂತಿತು. ಅತ್ತೆಯ ಮಾದಪ್ಪನ ಹರಕೆ, ಮಠದಿಂದ ತಂದ ತಾಯಿತ, ನನ್ನ ಸೋಮವಾರದ ಉಪವಾಸ, ಇವು ಯಾವುವೂ ಎಂಟು ವರ್ಷದಲ್ಲಿ ಒಂದಕ್ಕೊಂದು ಕೂಡಲಿಲ್ಲ. ಕೂಡಬಾರದ ಎರಡು ಮಾತ್ರ ಕೂಡಿದವು. ಆ ಪುಡಿಯನ್ನು ಅವತ್ತೇ ಮೋರಿಗೆ ಸುರಿದೆವು. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದು ಅತ್ತೆ ಇಷ್ಟಲಿಂಗ ಮುಟ್ಟಿ ಮಾತು ತೆಗೆದುಕೊಂಡರು, ನಾನೂ ಕೊಟ್ಟೆ. ಆ ಮಾತನ್ನು ಈಗ ಮುರಿಯುತ್ತಿದ್ದೇನೆ.

ಯಾಕೆ ಮುರಿಯುತ್ತಿದ್ದೇನೆಂದರೆ ನಿಮ್ಮ ಕಾಗದದಲ್ಲಿ ಇನ್ನೊಂದು ಮಾತಿತ್ತು. ಹೊರಗೆ ಹೋಗುವ ಮೊದಲು, ಕುಡಿದರೆ ಮೈಗೆ ಆಗದಂತೆ ಮಾಡುವ ಅಂಥದ್ದೇ ಮಾತ್ರೆ ದಿನಕ್ಕೊಂದು ತೆಗೆದುಕೊಳ್ಳಲು ಒಪ್ಪಿ ಸಹಿ ಹಾಕಿ ಎಂದು ಅಲ್ಲಿನ ಡಾಕ್ಟರ್ ಕೇಳಿದರಂತೆ, ನೀವು ಒಲ್ಲೆ ಅಂದಿರಂತೆ. ‘ನನಗೆ ಮಾತ್ರೆ ಯಾಕೆ, ಮಾದಪ್ಪ ನನ್ನ ಮೈಯಲ್ಲೇ ಕೂತು ಹೊಡೆದಿದ್ದಾನೆ, ನನ್ನ ಮೈಯೇ ಕುಡಿತವನ್ನು ಒದ್ದು ಓಡಿಸಿದೆ, ಇದು ನನ್ನ ಸ್ವಂತ ಬಲ ಐಶೂ’ ಎಂದು ಎಷ್ಟು ಹಿಗ್ಗಿನಿಂದ ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನಿಮ್ಮನ್ನು ಇಷ್ಟು ಸಂತೋಷವಾಗಿ ನಾನು ಎಷ್ಟೋ ವರ್ಷದಿಂದ ಕಂಡಿಲ್ಲ. ಅದು ನಿಮ್ಮ ಸ್ವಂತ ಬಲ ಅಲ್ಲ ಎಂದು ಹೇಳಬೇಕಾದವಳು ನಾನೇ ಆಗಬೇಕಾ.

ಇನ್ನು ಮೂರು ವಾರಕ್ಕೆ ಮನೆಗೆ ಬರುತ್ತೀರಿ. ಒಂದಲ್ಲ ಒಂದು ದಿನ ಯಾರೋ ಕೈಗೆ ಲೋಟ ಕೊಡುತ್ತಾರೆ. ಒಂದು ಗುಟುಕು ಕುಡಿದು, ಹೆದರಿ, ಕಾಯುತ್ತೀರಿ. ಏನೂ ಆಗುವುದಿಲ್ಲ. ಮೈ ಕೆಂಪಾಗುವುದಿಲ್ಲ, ಮಾದಪ್ಪ ಹೊಡೆಯುವುದಿಲ್ಲ. ಆಮೇಲೆ ಎರಡನೆಯ ಗುಟುಕು. ಆ ಹೊತ್ತಿಗೆ ನಿಮ್ಮನ್ನು ಹಿಡಿಯಲು ನನ್ನ ಹತ್ತಿರ ಏನಿದೆ. ಹೇಳದಿದ್ದರೆ ನೀವು ಬರೀ ಉಗುರು ಹಿಡಿದುಕೊಂಡು ರಾಕ್ಷಸನ ಎದುರು ನಿಲ್ಲುತ್ತೀರಿ. ಹೇಳಿದರೆ ಇರುವ ಧೈರ್ಯವನ್ನೂ ನಾನೇ ಕಿತ್ತುಕೊಂಡ ಹಾಗಾಯಿತು, ಮತ್ತೆ ನನ್ನ ಕೈಯ ಕಾಫಿಯನ್ನು ನೀವು ಈ ಜನ್ಮದಲ್ಲಿ ಕುಡಿಯುತ್ತೀರೋ ಇಲ್ಲವೋ. ಎರಡನ್ನೂ ತೂಗಿ ತೂಗಿ ಸೋತೆ. ನನ್ನ ಕೈಯಲ್ಲಿ ಏನೂ ಇಲ್ಲ ರೀ.

ಆದ್ದರಿಂದ ನೀವೇ ಬರೆದ ನಿಯಮವನ್ನು ನಿಮಗೇ ಓದಿ ಹೇಳುತ್ತಿದ್ದೇನೆ. ಮುಟ್ಟಿ ಹಾಕಬೇಕು, ಪ್ರಾಣಿಗೆ ಬೇಡವಾದರೆ ತಡೆಯಬಹುದು. ನಾವು ನಿಮಗೆ ತಡೆಯಲು ಬಿಡಲಿಲ್ಲ. ಅಲ್ಲಿನ ಡಾಕ್ಟರ್ ನಿಮ್ಮ ಮುಂದೆ ಕೂತು, ಕೇಳಿ, ಸಹಿ ಹಾಕಿಸಿಕೊಂಡು ಕೊಡುತ್ತೇನೆ ಅನ್ನುತ್ತಿದ್ದಾರೆ. ನಮ್ಮ ಮೇಲಿನ ಸಿಟ್ಟಿಗೆ ಅದನ್ನು ಬೇಡ ಅನ್ನಬೇಡಿ. ಸಹಿ ಹಾಕಿ. ಆಮೇಲೆ ನನ್ನ ಜೊತೆ ಮಾತಾಡದಿದ್ದರೂ ಸರಿ, ಕುಂಬಾರಕೊಪ್ಪಲಿನ ನನ್ನ ತವರಿಗೆ ಕಳಿಸಿದರೂ ಸರಿ. ಅತ್ತೆಯನ್ನು ಮಾತ್ರ ಏನೂ ಅನ್ನಬೇಡಿ, ಅವರಿಗೆ ಎಪ್ಪತ್ತೆರಡು.

ಕಾಗದವನ್ನು ರವಿಚಂದ್ರನ ಕೈಯಲ್ಲಿ ಶನಿವಾರ ಕಳಿಸುತ್ತೇನೆ. ಅಲ್ಲಿನ ಕೌನ್ಸೆಲರ್ ಮಂಗಳಮ್ಮ ಮೇಡಂ ಎಲ್ಲರ ಕಾಗದವನ್ನೂ ಮೊದಲು ಓದುತ್ತಾರೆಂದು ಬರೆದಿದ್ದೀರಿ. ಓದಲಿ. ನೀವು ಇದನ್ನು ಓದುವಾಗ ಪಕ್ಕದಲ್ಲಿ ಯಾರಾದರೂ ಇರಲಿ ಎಂದು ಅವರನ್ನೇ ಕೇಳಿಕೊಳ್ಳುತ್ತೇನೆ.

ಹಿಂದಿನ ರೂಮಿನ ಮೇಜನ್ನು ನಾನು ಇನ್ನೂ ಎತ್ತಿಟ್ಟಿಲ್ಲ. ಡೈಸ್‌ಗಳು ಬಿದ್ದ ಕಡೆಯೇ ಇವೆ. ಕೆಂಚ ಇನ್ನೂ ಗುಹೆಯ ಬಾಯಲ್ಲೇ ನಿಂತಿದ್ದಾನೆ. ಅವತ್ತು ನೀವು ಕೇಳಿದ್ದಕ್ಕೆ ಉತ್ತರ ಬಲ ಪಂಜಕ್ಕೆ ಎಂದು. ಹೇಳುವುದರೊಳಗೆ ನೀವು ಬಿದ್ದಿರಿ.

ನಿಮ್ಮವಳೇ, ನೀವು ಒಪ್ಪಿದರೆ,
ಐಶ್ವರ್ಯ

ಮರೆತದ್ದಲ್ಲ, ಬರೆಯಲಾಗದೆ ಕೊನೆಗೆ ಉಳಿಸಿಕೊಂಡದ್ದು: ಪುಡಿಯನ್ನು ಮೋರಿಗೆ ಸುರಿದೆವು ಎಂದು ಮೇಲೆ ಬರೆದಿದ್ದೇನೆ. ಸುರಿದದ್ದು ಅರ್ಧ. ಹೋದ ವಾರ ರವಿಚಂದ್ರನ ಕೈಯಲ್ಲಿ ಕಳಿಸಿದ ಚಟ್ನಿಪುಡಿಗೆ ಅತ್ತೆ ಉಳಿದರ್ಧ ಬೆರೆಸಿದರು. ಮಗ ಬರುವ ಹೊತ್ತಿಗೆ ಮೈಯಲ್ಲಿ ಇರಲಿ ಎಂದು. ಮಿಕ್ಸಿಯ ಪಕ್ಕ ಪೇಪರಿನ ಮೇಲೆ ಬಿಳಿ ಪುಡಿ ಇದ್ದದ್ದನ್ನು ನಾನು ನೋಡಿದೆ. ಏನೂ ಕೇಳಲಿಲ್ಲ. ಡಬ್ಬಿ ಹಿಡಿದುಕೊಂಡೆ, ಮುಚ್ಚಳಕ್ಕೆ ಟೇಪ್ ಸುತ್ತಿದವಳೂ ನಾನೇ. ಅದನ್ನು ನೀವೊಬ್ಬರೇ ತಿನ್ನುತ್ತೀರಿ ಎಂದುಕೊಂಡಿದ್ದೆ. ನಿಮ್ಮ ಕಾಗದದಲ್ಲಿ ನೋಡಿದರೆ, ಎಲ್ಲರೂ ಹಂಚಿಕೊಂಡು ತಿಂದೆವು, ಸಿದ್ದುವೇ ಜಾಸ್ತಿ ತಿಂದ, ಅವನು ಭಾನುವಾರ ತಂಗಿಯ ಮದುವೆಗೆ ಊರಿಗೆ ಹೊರಟಿದ್ದಾನೆ ಎಂದು ನೀವು ಬರೆದಿದ್ದೀರಿ. ಮದುವೆ ಆದ ಮೇಲೆ ಬೀಗರೂಟ. ಬೀಗರೂಟದಲ್ಲಿ ಬಾಡಿನ ಜೊತೆ ಬಾಟಲಿಯೂ ಇರುತ್ತದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಕಾಗದ ಬಂದದ್ದು ಸೋಮವಾರ. ನಾನು ಮಂಗಳಮ್ಮ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದ್ದು ಇವತ್ತು ಬೆಳಿಗ್ಗೆ. ಡಬ್ಬಿ ತೆಗೆಸಿದ್ದಾರೆ, ತಿಂದವರನ್ನೆಲ್ಲ ಡಾಕ್ಟರ್ ನೋಡುತ್ತಾರಂತೆ, ಸಿದ್ದುವನ್ನು ಮದುವೆಗೆ ಬಿಡುವುದಿಲ್ಲವಂತೆ. ನಿಮಗೆ ಶನಿವಾರದವರೆಗೆ ಹೇಳಬೇಡಿ, ನಾನೇ ಬರೆಯುತ್ತೇನೆ ಎಂದು ಬೇಡಿಕೊಂಡೆ. ಮಾತ್ರೆಗೆ ಸಹಿ ಹಾಕಿಸಲು ಈ ಕಾಗದ ಬರೆಯುತ್ತಿದ್ದೇನೆ ಎಂದು ಮೇಲೆ ಹೇಳಿಕೊಂಡಿದ್ದೇನಲ್ಲ, ಅದೂ ಪೂರ್ತಿ ನಿಜ ಅಲ್ಲ. ನೀವು ಸಿದ್ದು ವಿಷಯ ಬರೆಯದೆ, ಚಟ್ನಿಪುಡಿ ಚೆನ್ನಾಗಿತ್ತು ಎಂದಷ್ಟೇ ಬರೆದಿದ್ದರೆ, ಇವತ್ತು ಆ ಮೂರು ಪ್ರಶ್ನೆಗೆ ಉತ್ತರ ಬರೆದು, ಸಹಿ ಹಾಕಿ, ಕವರ್ ಅಂಟಿಸಿಬಿಡುತ್ತಿದ್ದೆ.